ನಿಸರ್ಗ ಯಾರ ಹಿತ್ತಲು?

ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆಯ ಮೇಷ್ಟ್ರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಅವರ ಕೈಚೀಲದಲ್ಲಿ ಏಳನೇ ಕ್ಲಾಸಿನ ಮಕ್ಕಳ ನೋಟ್‌ಬುಕ್ಕುಗಳಿದ್ದವು. ‘ನಮ್ಮೂರಿನ ಪ್ರಕೃತಿ ಸೌಂದರ್ಯ’ ಅಂತ ಪ್ರಬಂಧ ಬರೆಯಲು ಹೇಳಿದ್ದರಂತೆ. ನಾವು ಒಂದೊಂದೇ ತೆಗೆದು ಓದಿದೆವು. ಒಬ್ಬ ಹುಡುಗನ ಊರಿನಲ್ಲಿ ಜುಳುಜುಳು ಅಂತ ನದಿ ಹರಿಯುತ್ತಿದೆ. ಒಬ್ಬಳ ಊರಿನ ಸುತ್ತ ಹಚ್ಚಹಸಿರು ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಮಂಜು. ಇನ್ನೊಬ್ಬನ ಊರಿನಲ್ಲಿ ಜಲಪಾತವೇ ಧುಮ್ಮಿಕ್ಕುತ್ತಿದೆ. ಜಗಳೂರು ಬರದ ಸೀಮೆ. ಮಳೆ ಬಂದರೆ ಹಳ್ಳದಲ್ಲಿ ನೀರು, ಇಲ್ಲವಾದರೆ ಮರಳು. ಮಕ್ಕಳು ಸುಳ್ಳು ಬರೆದಿರಲಿಲ್ಲ. ಪಾಠದ ಪುಸ್ತಕವನ್ನು ನಂಬಿ ಬರೆದಿದ್ದವು, ಅಷ್ಟೆ.

ಒಂದು ನೋಟ್‌ಬುಕ್ಕು ಮಾತ್ರ ಬೇರೆಯಾಗಿತ್ತು. ಬರೆದವಳು ಕೇರಿಯ ಹುಡುಗಿ. ‘ನಮ್ಮೂರಲ್ಲಿ ಬಳ್ಳಾರಿ ಜಾಲಿ ಐತೆ. ನಮ್ಮವ್ವ ಅದನ್ನ ಕಡಿದು ಒಲೆಗೆ ತರ್ತಾಳೆ. ಮುಳ್ಳು ಚುಚ್ಚಿದ್ರೆ ಕಾಲು ಬಾತ್ಕೊಳ್ಳುತ್ತೆ’ ಅಂತ ಶುರು. ಆಮೇಲೆ ಕೆರೆ ಅಂಗಳದ ಒಂದು ಹಕ್ಕಿಯ ವಿಷಯ. ಮೇಷ್ಟ್ರು ಅದಕ್ಕೆ ಹತ್ತಕ್ಕೆ ಮೂರು ಕೊಟ್ಟು, ‘ಸೌಂದರ್ಯ ಎಲ್ಲಿದೆ?’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರು. ಬರೆದ ಮೇಲೆ ಅವರಿಗೇ ತಡೆಯಲಾಗಿಲ್ಲ. “ನಾನೂ ಕೇರಿಯಿಂದ ಬಂದವನೇ ಕಣ್ರೀ. ಆ ಮಗು ಬರೆದದ್ದೇ ನಿಜ ಅಂತ ನಂಗೆ ಗೊತ್ತಿತ್ತು. ಆದ್ರೂ ಕೈ ಮೂರೇ ಹಾಕ್ತು. ಪಾಠದ ಪುಸ್ತಕದಲ್ಲಿ ಗಿಡ, ಹಕ್ಕಿ, ಮಳೆ ಎಲ್ಲಾ ಐತೆ, ನಮ್ಮೂರು ಇಲ್ಲ. ನಿಮ್ಮ ಹೋರಾಟದ ಪತ್ರಿಕೆಯಲ್ಲಿ ನಮ್ಮೂರು ಐತೆ, ಗಿಡ ಹಕ್ಕಿ ಇಲ್ಲ. ನಾನು ಯಾವ್ದನ್ನ ಕಲಿಸ್ಲಿ ಹೇಳ್ರೀ?”

ಈ ಪ್ರಶ್ನೆ ನಮಗೆ ನಾಟಿತು. ಇದರಲ್ಲಿ ಎರಡು ಕಡೆಯ ತಪ್ಪಿದೆ. ನಿಸರ್ಗವನ್ನು ಮನೆಯಿಂದ ದೂರ ಒಯ್ದು ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿದವರದ್ದು ಒಂದು. ಆ ಚೌಕಟ್ಟನ್ನು ನೋಡಿ, ನಿಸರ್ಗ ಅಂದ್ರೆ ಹೊಟ್ಟೆ ತುಂಬಿದವರ ಬಾಬತ್ತು ಅಂತ ಬಿಟ್ಟುಕೊಟ್ಟ ನಮ್ಮದು ಇನ್ನೊಂದು.

*

ಮೊದಲು ಪಾಠದ ಪುಸ್ತಕದ ನಿಸರ್ಗ. ಅಲ್ಲಿ ಇರುವೆ ದುಡಿಮೆ ಕಲಿಸುತ್ತೆ. ಮರ ತಾಳ್ಮೆ ಕಲಿಸುತ್ತೆ. ಭೂಮಿ ಸಹನೆ ಕಲಿಸುತ್ತೆ. ಕಡಿಯುವವನಿಗೂ ನೆರಳು ಕೊಡುವ ಮರವನ್ನು ನೋಡಿ ಬದುಕುವುದನ್ನು ಕಲಿಯಿರಿ ಅಂತ ಬುದ್ಧಿ ಹೇಳುತ್ತಾರೆ. ಕೇಳಲಿಕ್ಕೆ ಚೆನ್ನ. ಆದರೆ ಈ ಪಾಠ ಯಾರಿಗೆ? ಕೋಳಿ ಕೂಗುವ ಹೊತ್ತಿಗೆ ಎದ್ದು ಮೆಕ್ಕೆಜೋಳದ ಹೊಲಕ್ಕೆ ಕಳೆ ಕೀಳಲು ಹೋಗುವ ತಾಯಿಯ ಮಗಳಿಗೆ, ಇರುವೆಯನ್ನು ನೋಡಿ ದುಡಿಮೆ ಕಲಿ ಅನ್ನುವುದೇ? ತಲೆಮಾರುಗಳಿಂದ ಸಹಿಸಿಕೊಂಡೇ ಬಂದವರಿಗೆ ಇನ್ನೂ ಸಹನೆಯ ಪಾಠವೇ? ದುಡಿಯದೆ ಉಣ್ಣುವವನಿಗೆ ಇರುವೆಯನ್ನು ತೋರಿಸಿದ ಪುಸ್ತಕ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇದಕ್ಕಿಂತ ಹಳೆಯ ಹುನ್ನಾರ ಇನ್ನೊಂದಿದೆ. “ಐದು ಬೆರಳೂ ಒಂದೇ ಸಮ ಇರ್ತಾವೇನೋ?” ಅನ್ನುವ ಮಾತನ್ನು ಪಂಚಾಯ್ತಿ ಕಟ್ಟೆಯ ಮೇಲೆ ಕೇಳದವರು ಯಾರು? ಜಾತಿ ಮನುಷ್ಯ ಮಾಡಿದ್ದಲ್ಲ, ಅದು ನಿಸರ್ಗದ ನಿಯಮ ಅಂತ ಹೇಳಲು ಇವರಿಗೆ ಅಂಗೈಯೇ ಸಾಕ್ಷಿ. ನೋಡುವುದೇ ಆದರೆ ಪೂರಾ ನೋಡಬೇಕು. ಅದೇ ಕೈ ಮುದ್ದೆ ಮುರಿದು ತುತ್ತು ಮಾಡುವಾಗ ಐದೂ ಬೆರಳು ಒಂದು ಕಡೆ ಕೂಡಿಕೊಳ್ಳುತ್ತವೆ. ಕಿರುಬೆರಳು ಮೈಲಿಗೆ ಅಂತ ಹೆಬ್ಬೆರಳು ದೂರ ನಿಲ್ಲುವುದಿಲ್ಲ. ಅರ್ಧ ನೋಡಿ ನೀತಿ ಹೇಳುವುದು ಯಥಾಸ್ಥಿತಿವಾದಿಗಳ ಕಸುಬು. ಪೂರಾ ನೋಡುವುದು ನಮ್ಮ ಕಸುಬಾಗಬೇಕು.

ಹುತ್ತವನ್ನೇ ತಗೊಳ್ಳಿ. ಬಿಳಿಚೋಡಿನ ಸುತ್ತ ಯಾವ ಬದುವಿನ ಮೇಲೆ ನಡೆದರೂ ಒಂದು ಹುತ್ತ ಸಿಗುತ್ತೆ. ಗೆದ್ದಲು ಕಟ್ಟಿದ ಮನೆಗೆ ಹಾವು ಬಂದು ಸೇರಿಕೊಳ್ಳುವುದು ಎಲ್ಲರಿಗೂ ಗೊತ್ತು. ನಾಗರಪಂಚಮಿಯ ದಿನ ಹಾಲು ಎರೆಯುವುದು ಹಾವಿಗೆ. ಕಟ್ಟಿದ ಗೆದ್ದಲಿಗೆ ಕೈ ಮುಗಿದವರಿಲ್ಲ. ಹಾವು ಹಾಲು ಕುಡಿಯುವ ಪ್ರಾಣಿಯೂ ಅಲ್ಲ! ಆದರೆ ಇಲ್ಲಿಗೇ ನಿಲ್ಲಿಸಿ, ಗೆದ್ದಲು ನಾವು, ಹಾವು ಸಾಹುಕಾರ ಅಂತ ಕವಿತೆ ಬರೆದು ಎದ್ದುಬಿಟ್ಟರೆ ಅದೂ ಅರ್ಧ ನೋಟವೇ. ಇನ್ನೊಂದು ಗಳಿಗೆ ಕೂತು ನೋಡಿ. ಒಣಗಿದ ಸೌದೆ, ಸಗಣಿ, ತರಗು ಎಲ್ಲವನ್ನೂ ಆ ಕುರುಡು ಹುಳ ಮಣ್ಣಾಗಿ ಮಾಡುತ್ತಿದೆ. ಆ ಮಣ್ಣಿನಲ್ಲಿ ಮುಂದಿನ ಬೆಳೆ ಇದೆ. ಅದು ಬರೀ ಮನೆ ಕಳಕೊಂಡದ್ದಲ್ಲ, ನೆಲ ಹದ ಮಾಡುವಂಥದ್ದು. ನೋವು ಹೇಳುವಾಗ ನಮ್ಮ ಕಸುವನ್ನೂ ಹೇಳಬೇಕು ಅನ್ನುವುದು ನಮಗೆ ಹುತ್ತದಿಂದಲೇ ತಿಳಿಯಬಹುದಿತ್ತು.

*

ಇನ್ನು ಸಾಹಿತ್ಯ. ನವೋದಯದ ಬಹುಪಾಲು ಪದ್ಯಗಳಲ್ಲಿ ಕವಿ ಸಂಜೆ ಹೊತ್ತು ತಿರುಗಾಡಲು ಹೊರಡುತ್ತಾನೆ. ಮೋಡ ನೋಡುತ್ತಾನೆ, ಹೂ ನೋಡುತ್ತಾನೆ, ದೇವರನ್ನು ಕಾಣುತ್ತಾನೆ. ಅದೇ ಹೊತ್ತಿಗೆ ಆ ಹೊಲದಿಂದ ಹುಲ್ಲಿನ ಹೊರೆ ಹೊತ್ತು ಮನೆಗೆ ಹೊರಟ ಹೆಣ್ಣುಮಗಳು ಪದ್ಯದೊಳಗೆ ಬಂದರೆ ಅವಳೂ ಒಂದು ಚಿತ್ರ. ಅವಳಿಗೂ ಒಂದು ಜೊತೆ ಕಣ್ಣಿದೆ, ಅವಳೂ ಮೋಡ ನೋಡುತ್ತಾಳೆ ಅನ್ನುವುದು ಆ ಕವಿಗಳಿಗೆ ಹೊಳೆಯುವುದಿಲ್ಲ. ಅವಳು ನೋಡುವುದು ಮೋಡದ ಬಣ್ಣವನ್ನಲ್ಲ, ಅದು ಬರುವ ದಿಕ್ಕನ್ನು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಅಂದಾಗ ಊರೂರಲ್ಲಿ ಗಲಾಟೆ ಎದ್ದಿತು. ಬೂಸಾ ಅಂದ್ರೆ ಕಾಳು ಹೋಗಿ ಉಳಿದ ತೌಡು, ಹೊಟ್ಟು. ಇಂಥ ಪದ್ಯಗಳಲ್ಲಿ ಕಾಳು ಹುಡುಕಿದವರಿಗೆ ಆ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಂತ ಎಲ್ಲರನ್ನೂ ಒಂದೇ ಕಣದಲ್ಲಿ ತೂರುವುದು ನ್ಯಾಯವಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದರ ಕಾಡಿನೊಳಕ್ಕೆ ನಮ್ಮನ್ನು ಕರೆದುಕೊಂಡು ಹೋಗುವವನು ಹೆಗ್ಗಡೆಯಲ್ಲ, ನಾಯಿಗುತ್ತಿ. ಹೊಲೆಯರವನು, ಜೀತದ ಆಳು. ಅವನ ಜೊತೆಗೆ ಅವನ ನಾಯಿ ಹುಲಿಯ. ಹೆಗ್ಗಡೆಗೆ ಕಾಡು ಅಂದ್ರೆ ಆಸ್ತಿ, ಬೇಟೆ. ಗುತ್ತಿಗೆ ಅದು ಹೆಣ್ಣನ್ನು ಕರೆದುಕೊಂಡು ಓಡಿಹೋಗುವ ದಾರಿ, ಬಚ್ಚಿಟ್ಟುಕೊಳ್ಳುವ ಮರೆ. ತುಂಬಿದ ತುಂಗೆಯನ್ನು ಅವನು ದಾಟುತ್ತಾನೆ, ಹುಲಿಯ ಆ ಹೊಳೆಯ ಪಾಲಾಗುತ್ತದೆ. ಆ ಹೊಳೆಯನ್ನು ನಾವು ಗುತ್ತಿಯ ಕಣ್ಣಿನಿಂದ ಕಂಡ ಮೇಲೆ ದಂಡೆಯಲ್ಲಿ ನಿಂತು ಜುಳುಜುಳು ಅನ್ನಲು ಬಾಯಿ ಬರುವುದಿಲ್ಲ.

ತೇಜಸ್ವಿಯವರ ‘ಕರ್ವಾಲೊ’ 1980ರದ್ದು. ಊರಿನವರು ಕೆಲಸಕ್ಕೆ ಬಾರದವ ಅಂತ ಕೈಬಿಟ್ಟ ಮಂದಣ್ಣನನ್ನು ಕರ್ವಾಲೊ ತನಗೆ ಸಮನಾದ ವಿಜ್ಞಾನಿಯಂತೆ ಕಾಣುತ್ತಾರೆ. ಹಾರುವ ಓತಿಯನ್ನು ಕಂಡವನು ಅವನು. ಓದಿನ ಸರ್ಟಿಫಿಕೇಟು ಇಲ್ಲದವನ ಕಣ್ಣಿಗೆ ಬೆಲೆ ಕೊಟ್ಟ ಪುಸ್ತಕ ಅದು. 1991ರ ‘ಪರಿಸರದ ಕತೆ’ಯಲ್ಲೂ ತೇಜಸ್ವಿ ತಮ್ಮ ತೋಟ, ಗದ್ದೆ, ಕೆರೆ ಬಿಟ್ಟು ದೂರ ಹೋಗಲಿಲ್ಲ. ಮನೆ ಪಕ್ಕದಲ್ಲಿ ಕೂತು ನೋಡಿದರೂ ಲೋಕ ಕಾಣುತ್ತೆ ಅಂತ ತೋರಿಸಿದರು. ಅದು ದೊಡ್ಡ ಮಾತು. ಆದರೆ ಅವರಿಗೆ ಕೂರಲು ಸ್ವಂತ ತೋಟ ಇತ್ತು. ಕೇರಿಯಲ್ಲಿ ಎಷ್ಟು ಮನೆಗೆ ಹಿತ್ತಲಿದೆ? ಮನೆಯ ಹಿಂದಿನ ಗೋಡೆ ದಾಟಿದರೆ ಇನ್ನೊಬ್ಬರ ಮನೆ, ಇಲ್ಲವೆ ಯಜಮಾನನ ಬೇಲಿ. ಹಿತ್ತಲಿಲ್ಲದವರು ಹತ್ತಿರದ ನಿಸರ್ಗವನ್ನು ಎಲ್ಲಿ ನಿಂತು ನೋಡಬೇಕು?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ನಮ್ಮವರೇ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆ ಹೊಲ ನೆನಪಿಸಿಕೊಳ್ಳಿ. ನೊಗ ಹೊತ್ತು ಎಳೆಯುತ್ತಿರುವವು ಎತ್ತುಗಳಲ್ಲ, ಇಬ್ಬರು ಮನುಷ್ಯರು. ಅವರಲ್ಲಿ ಒಬ್ಬರು ನೋಡುತ್ತಿರುವ ಹುಡುಗನ ಅಪ್ಪ. ಅದೂ ಹೊಲ, ಮಣ್ಣು, ಉಳುಮೆ. ಯಾವ ಕ್ಯಾಲೆಂಡರಿನ ಚಿತ್ರದಲ್ಲೂ ಇರುವಂಥದ್ದೇ. ನೊಗದ ಕೆಳಗೆ ನಿನ್ನ ಅಪ್ಪ ಇದ್ದಾನೆ ಅಂತ ಗೊತ್ತಾದ ಮೇಲೆ ಆ ಚಿತ್ರ ಮೊದಲಿನಂತೆ ಉಳಿಯುವುದಿಲ್ಲ.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನಿಗೆ ಕಳೆದುಹೋದ ಹುಂಜದ ಚಿಂತೆ. ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಕದ್ದ ಕಡಲೆಕಾಯಿ ತಿನ್ನುತ್ತಾರೆ. ಮಗು ಗೋಡೆಯ ಮೇಲೆ ನವಿಲು ಬಿಡಿಸುತ್ತದೆ. ಹುಂಜ, ಕಡಲೆಕಾಯಿ, ನವಿಲು ಮೂರೂ ನಿಸರ್ಗವೇ. ಒಂದು ಆ ಮನೆಯ ಬದುಕು, ಒಂದು ಹಸಿವು, ಒಂದು ಕನಸು. ನೋಡುವವನು ನಿಂತ ಜಾಗವೂ ನೋಟದೊಳಕ್ಕೆ ಬಂದಾಗ ಮಾತ್ರ ನಿಸರ್ಗ ಬದುಕಿಗೆ ಕಣ್ಣು ಕೊಡುತ್ತೆ. ಇದೇ ನಾವು ಹೇಳಬೇಕೆಂದಿರುವುದು.

*

ಈಗ ನಮ್ಮ ತಪ್ಪಿಗೆ ಬರೋಣ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಆ ದಿನಗಳಿಂದ ನಾವು ಬರೆದ ಪದ್ಯಗಳನ್ನು ಒಮ್ಮೆ ತಿರುವಿ ಹಾಕಿ. ಸೂರ್ಯ ಯಾವತ್ತೂ ಕೆಂಪಗೇ ಹುಟ್ಟುತ್ತಾನೆ. ಬೆಂಕಿ ಬರೀ ಕ್ರಾಂತಿಗೆ ಉರಿಯುತ್ತೆ, ಒಲೆಗೆ ಉರಿಯುವುದಿಲ್ಲ. ಮಳೆ ಬಂದರೆ ರಕ್ತದ ಮಳೆ. ಸಿಡಿಲು, ಜ್ವಾಲಾಮುಖಿ, ಬಿರುಗಾಳಿ! ಕರ್ನಾಟಕದಲ್ಲಿ ಜ್ವಾಲಾಮುಖಿ ಕಂಡವರು ಯಾರಿದ್ದಾರೆ ಗೆಳೆಯರೆ? ನವೋದಯದವರು ಇಂಗ್ಲೆಂಡಿನ ಹೂ ತಂದರು ಅಂತ ನಾವು ನಕ್ಕೆವು. ನಾವು ಇನ್ನೆಲ್ಲಿಂದಲೋ ಜ್ವಾಲಾಮುಖಿ ಹೊತ್ತು ತಂದೆವು. ಏಪ್ರಿಲ್ ತಿಂಗಳಲ್ಲಿ ಜಗಳೂರಿನ ಬಯಲಲ್ಲಿ ನೆತ್ತಿ ಸುಡುವ ಸೂರ್ಯನನ್ನು, ಆ ಬಿಸಿಲಿನಲ್ಲಿ ಯಾವ ಗಿಡ ಹಸಿರು ಉಳಿಸಿಕೊಳ್ಳುತ್ತೆ ಅನ್ನುವುದನ್ನು ನಾವು ನೋಡಲಿಲ್ಲ.

ಇದು ಬರೀ ಕಾವ್ಯದ ತಪ್ಪಲ್ಲ. ಇದರಿಂದ ನಮ್ಮ ಹಿರಿಯರ ಅರಿವನ್ನೇ ನಾವು ಕೈಬಿಟ್ಟೆವು. ಬಿಳಿಚೋಡು ಹೋಬಳಿಯ ಒಂದು ಹಳ್ಳಿಯಲ್ಲಿ ಕೆರೆಯ ಏರಿ ಮೇಲೆ ನಮಗೊಬ್ಬ ಅಜ್ಜ ಸಿಕ್ಕ. ಹಿಂದೆ ನೀರುಗಂಟಿಯಾಗಿದ್ದವನು. ಕರ್ನಾಟಕದ ಎಷ್ಟೋ ಊರುಗಳಲ್ಲಿ ಈ ಚಾಕರಿ ಮಾಡಿದವರು ಹೊಲೆಯ ಮಾದಿಗರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡುವುದು, ಏರಿ ಕಾಯುವುದು ಅವರ ಕೆಲಸ. ಕೂಲಿ ಅಂದ್ರೆ ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಪಡೆಯುವ ಆಯ. ಅಜ್ಜ ಹೇಳಿದ: “ಏರಿಯಾಗೆ ಏಡಿ ಬಿಲ ತೋಡ್ತದೆ ಕಣಪ್ಪ. ಬಿಲದ ಬಾಯಾಗಿನ ಮಣ್ಣು ಒಣಗೈತೋ ಹಸಿ ಐತೋ ನೋಡ್ಬೇಕು. ಹಸಿ ಇದ್ರೆ ನೀರು ಒಳಗೆ ದಾರಿ ಮಾಡ್ಕಂಡೈತೆ ಅಂತ ಅರ್ಥ. ರಾತ್ರೋರಾತ್ರಿ ತಮಟೆ ಬಡಿದು ಊರು ಎಬ್ಬಿಸ್ತಿದ್ವಿ. ಊರು ಉಳಿಸಿದ್ವಿ. ಬೆಳಿಗ್ಗೆ ಅದೇ ಊರಿನ ಬಾವಿ ಕಟ್ಟೆಗೆ ನಮ್ಮನ್ನ ಹತ್ತಿಸ್ತಿರ್ಲಿಲ್ಲ.”

ಏಡಿಯ ಬಿಲ ನೋಡಿ ಊರಿನ ಹಣೆಬರಹ ಓದುತ್ತಿದ್ದ ಮನುಷ್ಯ ಇವನು. ರೋಹಿಣಿ, ಮೃಗಶಿರ, ಆರಿದ್ರ ಅಂತ ಮಳೆಯನ್ನು ಹೆಸರು ಹಿಡಿದು ಕರೆದು, ಯಾವ ಮಳೆಗೆ ಕೆರೆ ಎಷ್ಟು ಏರುತ್ತೆ ಅಂತ ಕಲ್ಲಿನ ಗುರುತು ಇಟ್ಟುಕೊಂಡಿದ್ದವನು. ತೋಟಿ, ತಳವಾರ, ನೀರುಗಂಟಿಯಂಥ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಲು 1961ರಲ್ಲಿ ಕಾನೂನು ಬಂತು. ಬಂದದ್ದು ಒಳ್ಳೆಯದೇ ಆಯಿತು. ಹುಟ್ಟಿನಿಂದ ಅಂಟಿದ ಚಾಕರಿ ಹೋಗಲೇಬೇಕಿತ್ತು. ಆದರೆ ಚಾಕರಿಯನ್ನು ಕಿತ್ತೆಸೆಯುವಾಗ ಅದರೊಳಗಿದ್ದ ವಿದ್ಯೆಗೆ ಯಾರೂ ಸಂಬಳ ಕೊಡಲಿಲ್ಲ, ಹೆಸರೂ ಕೊಡಲಿಲ್ಲ. ನಾವೂ ಅವನ ಅವಮಾನವನ್ನಷ್ಟೇ ಬರೆದುಕೊಂಡು ಅವನ ವಿದ್ಯೆಯನ್ನು ಬಿಟ್ಟೆವು. ಅವಮಾನ ಬರೆಯಬೇಕು, ಅದು ಬಿಡಬಾರದು. ಆದರೆ ಬರೀ ಅವಮಾನದಿಂದ ಮಾಡಿದ ಮನುಷ್ಯ ಪೂರಾ ಮನುಷ್ಯನಲ್ಲ.

*

ಏರಿಯಿಂದ ಕೆಳಗಿಳಿದರೆ ಕೆರೆ ಅಂಗಳ. ಅಲ್ಲಿ ಆ ಹುಡುಗಿ ಬರೆದ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಅದರ ತವರು ಅಮೆರಿಕ ಖಂಡ. 19ನೆಯ ಶತಮಾನದಲ್ಲಿ ಇಲ್ಲಿಗೆ ಬಂತು. ಬೇರು ಆಳಕ್ಕಿಳಿಸಿ ನೀರು ಹೀರುತ್ತೆ, ಬೇರೆ ಗಿಡ ಬೆಳೆಯಗೊಡುವುದಿಲ್ಲ, ಕೆರೆಗಳನ್ನು ನುಂಗುತ್ತೆ ಅಂತ ದೂರು. ದೂರು ಸುಳ್ಳಲ್ಲ. ಆದರೆ ಹೊಲ ಇಲ್ಲದ, ಮರ ಇಲ್ಲದ ಮನೆಯ ಒಲೆ ಎಷ್ಟೋ ವರ್ಷ ಉರಿದದ್ದು ಇದೇ ಸೌದೆಯಿಂದ. ಜಾಲಿ ಕಿತ್ತು ಕೆರೆ ಉಳಿಸಿ ಅನ್ನುವವರು ಆ ಒಲೆಗೆ ಏನು ಅಂತಲೂ ಹೇಳಬೇಕು. ಕೆರೆಯನ್ನೂ ಒಲೆಯನ್ನೂ ಒಟ್ಟಿಗೆ ನೋಡುವ ಕಣ್ಣು ಬರೆದವಳಿಗಿತ್ತು. ಮೂರು ಮಾರ್ಕು ಕೊಟ್ಟ ಕೈಗೆ ಇರಲಿಲ್ಲ.

ಈ ಜಾಲಿ ಇನ್ನೊಂದು ಮಾತನ್ನೂ ಹೇಳುತ್ತೆ. ಮೆಕ್ಕೆಜೋಳ, ಶೇಂಗಾ, ಮೆಣಸಿನಕಾಯಿ ಎಲ್ಲದರ ತವರೂ ಅಮೆರಿಕ ಖಂಡವೇ. ಸಮುದ್ರದಾಚೆಯಿಂದ ಬಂದ ಮೆಣಸಿನಕಾಯಿ ಕೆಲವೇ ನೂರು ವರ್ಷದಲ್ಲಿ ಮಡಿ ಅಡುಗೆಮನೆಯ ಒಳಗೆ ಹೋಗಿ ಕೂತಿದೆ. ಯಾರೂ ಅದರ ಕುಲ ಕೇಳಲಿಲ್ಲ. ಸಾವಿರಾರು ವರ್ಷದಿಂದ ಇದೇ ನೆಲದಲ್ಲಿ ಹುಟ್ಟಿ, ಇದೇ ನೆಲ ಉತ್ತವನು ಇನ್ನೂ ಊರ ಹೊರಗೆ! ಹತ್ತಿರದ ಗಿಡವನ್ನು ನೋಡಿ ಮಕ್ಕಳು ಇಷ್ಟನ್ನು ಕೇಳಲು ಕಲಿತರೆ ಅದೇ ಚರಿತ್ರೆಯ ಪಾಠ.

ಶೇಂಗಾ ಗಿಡವನ್ನು ಬಗ್ಗಿ ನೋಡಿದ್ದೀರಾ? ಹಳದಿ ಹೂ ಬಿಸಿಲಲ್ಲಿ ಅರಳುತ್ತೆ, ಬೇಗ ಬಾಡುತ್ತೆ. ಬಾಡಿದ ಹೂವಿನ ಬುಡದಿಂದ ಒಂದು ಎಳೆ ಇಳಿದು ಮಣ್ಣಿಗೆ ಚುಚ್ಚಿಕೊಳ್ಳುತ್ತೆ. ಕಾಯಿ ಕಟ್ಟುವುದು ಮಣ್ಣೊಳಗೆ, ಕತ್ತಲಲ್ಲಿ. ಆ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಗಟ್ಟಿಯಾದರೆ ಎಳೆ ಒಳಗಿಳಿಯುವುದಿಲ್ಲ. ಹೂ ಎಷ್ಟು ಬಿಟ್ಟರೂ ಕಾಯಿಲ್ಲ. ನಮ್ಮ ಸಭೆ, ಭಾಷಣ, ಘೋಷಣೆಗಳೆಲ್ಲ ಹೂವಿದ್ದ ಹಾಗೆ. ಕೇರಿಯೊಳಗೆ, ಶಾಲೆಯೊಳಗೆ, ಮನೆಯೊಳಗೆ ಇಳಿಯದಿದ್ದರೆ ಕಾಯಿ ಕಟ್ಟುವುದಿಲ್ಲ.

ಇನ್ನು ಕೊಂಡುಕುರಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಈ ಪ್ರಾಣಿಗಾಗಿಯೇ ವನ್ಯಜೀವಿಧಾಮವಾಯಿತು. ಗಂಡಿಗೆ ನಾಲ್ಕು ಕೊಂಬು. ಸಂಕೋಚದ ಪ್ರಾಣಿ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ತಿರುಗುತ್ತೆ. ಹಿಕ್ಕೆಯನ್ನು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಾಕುತ್ತೆ, ನೀರಿನ ಸಮೀಪವೇ ಇರುತ್ತೆ. ಅದು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನಾವು ಕೇಳುವುದು ಇಷ್ಟೇ. ಪೇಟೆಯಿಂದ ಕ್ಯಾಮೆರಾ ತಂದವನು ಒಂದು ಫೋಟೋ ತೆಗೆದರೆ ಅವನು ಪರಿಸರಪ್ರೇಮಿ. ಅದರ ಹಿಕ್ಕೆಯ ಗುಪ್ಪೆ ಎಲ್ಲಿದೆ ಅಂತ ಬಲ್ಲ ಆಡು ಕಾಯುವ ಹುಡುಗ ಮಾತ್ರ ಯಾಕೆ ಕಾಡಿನ ಶತ್ರು? ಒಬ್ಬನ ನೋಟ ಜ್ಞಾನ, ಇನ್ನೊಬ್ಬನ ನೋಟ ಅಪರಾಧ. ಕಾಡು ಉಳಿಸುವ ಮಾತುಕತೆಗೆ ಆ ಹುಡುಗನನ್ನೂ ಕರೆದು ಕೂರಿಸಿದರೆ ಪ್ರಾಣಿಗೇ ಲಾಭ.

*

ನಿಸರ್ಗಕ್ಕೆ ಜಾತಿ ಇಲ್ಲ ಅನ್ನುತ್ತಾರೆ. ಮಳೆಗೆ ಇಲ್ಲ, ನಿಜ. ಅದೇ ಮಳೆನೀರು ಕೆರೆಗೆ ಇಳಿದ ಕೂಡಲೇ ಜಾತಿ ಬರುತ್ತೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದರು, ಕುಡಿದರು. ದನ ಎಮ್ಮೆಗೆ ಇಲ್ಲದ ತಡೆ ಮನುಷ್ಯನಿಗೆ ಯಾಕೆ ಅಂತ ಜಗತ್ತಿಗೆ ಕೇಳಿಸುವ ಹಾಗೆ ಕೇಳಿದರು. ಊರ ಮುಂದಿನ ಕೆರೆಯನ್ನು ಅದಕ್ಕಿಂತ ಚೆನ್ನಾಗಿ ಓದಿದವರು ಇಲ್ಲ. ನಮ್ಮ ಮಟ್ಟಿಗೆ ನಿಸರ್ಗ ವಿಮರ್ಶೆಯ ಮೊದಲ ಪಾಠ ಆ ಕೆರೆಯ ಮೆಟ್ಟಿಲ ಮೇಲೆ ಇದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಬಂದಿದೆ. ಒಣಗಿದ ಸೀಮೆಗೆ ನೀರು ಬಂದರೆ ಯಾರಿಗೆ ಸಂತೋಷವಿಲ್ಲ? ತುಂಬಿದ ಕೆರೆಯ ಮುಂದೆ ನಿಂತು ಮೇಷ್ಟ್ರು ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ ಮಾತ್ರ ‘ಎಷ್ಟು ಚಂದ ಇದೆ?’ ಅನ್ನುವುದಷ್ಟೇ ಅಲ್ಲ. ಈ ನೀರು ಎಲ್ಲಿಂದ ಬಂತು? ಯಾರ ಹೊಲದ ಬೋರ್‌ವೆಲ್ಲಿಗೆ ಇಳಿಯುತ್ತೆ? ಹೊಲ ಇಲ್ಲದವರಿಗೆ ಇದರಲ್ಲಿ ಏನಿದೆ? ನೀರಿನ ಜೊತೆ ಯಾವ ಹಕ್ಕಿ ಬಂತು, ಯಾವುದು ಹೋಯಿತು? ಇಷ್ಟು ಕೇಳಿದ ಮೇಲೆ ‘ಚಂದ ಇದೆ’ ಅಂತ ಹೇಳಿದರೆ ಆ ಚಂದ ನಿಜವಾದದ್ದು. ಚಂದ ಅನ್ನುವ ಹಕ್ಕು ಕೇರಿಯ ಮಗುವಿಗೂ ಇದೆ. ಅದನ್ನು ನಾವೇ ಅದರಿಂದ ಕಿತ್ತುಕೊಳ್ಳಬಾರದು.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಜಲಪಾತದ ಪ್ರಬಂಧ ಬೇಡ. ಶಾಲೆಯಿಂದ ನೂರು ಹೆಜ್ಜೆಯೊಳಗೆ ಇರುವ ಒಂದನ್ನು, ಒಂದು ಗಿಡವೋ ಹುತ್ತವೋ ಗುಂಡಿಯೋ, ಮುಂಗಾರಿನಿಂದ ಹಿಂಗಾರಿನ ತನಕ ಮಕ್ಕಳು ನೋಡಲಿ. ಕಂಡದ್ದನ್ನು ಮನೆಯ ಮಾತಿನಲ್ಲಿ ಬರೆಯಲಿ. ಅಜ್ಜ ಅಜ್ಜಿಯರನ್ನು ಕೇಳಿ ಹೆಸರು ಬರೆದುಕೊಳ್ಳಲಿ. ಕೇರಿಯ ಮಗು ಬರೆದದ್ದನ್ನು ಊರಿನ ಮಗು ಓದಲಿ, ಊರಿನ ಮಗು ಬರೆದದ್ದನ್ನು ಕೇರಿಯ ಮಗು. ಒಂದೇ ಕೆರೆ ಎರಡು ನೋಟ್‌ಬುಕ್ಕಿನಲ್ಲಿ ಹೇಗೆ ಎರಡು ಕೆರೆಯಾಗಿದೆ ಅನ್ನುವುದು ಅವರಿಗೇ ಗೊತ್ತಾಗುತ್ತೆ. ಅದಕ್ಕಿಂತ ದೊಡ್ಡ ಸಮಾಜ ಪಾಠ ಇಲ್ಲ.

ಮೇಷ್ಟ್ರು ಹೊರಡುವ ಮೊದಲು ಆ ನೋಟ್‌ಬುಕ್ಕಿನ ಕೊನೆಯ ಭಾಗವನ್ನು ಮತ್ತೊಮ್ಮೆ ಓದಿದರು. ಹುಡುಗಿ ಬರೆದ ಹಕ್ಕಿಯನ್ನು ಪುಸ್ತಕದಲ್ಲಿ ಟಿಟ್ಟಿಭ ಅನ್ನುತ್ತಾರೆ. ಅವಳಿಗೆ ಆ ಹೆಸರು ಗೊತ್ತಿಲ್ಲ. ಅವಳು ಬರೆದದ್ದು ಇಷ್ಟು: ‘ಕೆರೆ ಅಂಗಳದಾಗೆ ಒಂದು ಹಕ್ಕಿ ಐತೆ. ಅದಕ್ಕೆ ಗೂಡಿಲ್ಲ. ಕಲ್ಲಿನ ಮಧ್ಯೆ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತೆ. ಮೊಟ್ಟೆ ಕಲ್ಲಿನ ತರಾನೇ ಇರ್ತಾವೆ, ಯಾರಿಗೂ ಕಾಣಲ್ಲ. ಆದ್ರೆ ಯಾರಾದ್ರೂ ಹತ್ರ ಬಂದ್ರೆ ಅದು ಸುಮ್ನೆ ಇರಲ್ಲ. ಭಾಳ ಕೂಗುತ್ತೆ. ದೊಡ್ಡೋರು ಬಂದ್ರೂ ಕೂಗುತ್ತೆ.’

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಮೂರನ್ನು ಹೊಡೆದುಹಾಕಿದರು. ಎಷ್ಟು ಬರೆದರು ಅಂತ ನಾವು ಕೇಳಲಿಲ್ಲ.